ಬಿಚ್ಚಿ ನೋಡಿದ್ದಕ್ಕೂ ಬಿಲ್ಲು

“ಗಾಡಿ ರಿಪೇರಿ ಮಾಡೇ ಇಲ್ಲ, ಬರೇ ನೋಡಿದ್ದಕ್ಕ ರೊಕ್ಕ ಯಾಕ್ ಕೊಡಬೇಕ್ರೀ?”

ಶೋರೂಮಿನ ಸರ್ವಿಸ್ ಕೌಂಟರಿನ ಈಚೆ ನಿಂತವರು ಕೇಳುವ ಮಾತು ಇದು. ಆಚೆ ಕೂತ ಅಡ್ವೈಸರ್ ಬಳಿಯೂ ಉತ್ತರ ಸಿದ್ಧ ಇರುತ್ತದೆ: “ಸ್ಕ್ಯಾನಿಂಗ್ ಚಾರ್ಜ್, ಬಿಚ್ಚಿದ ಲೇಬರ್, ಮೇಲೆ ಜಿಎಸ್‌ಟಿ. ಜಾಬ್ ಕಾರ್ಡಿಗೆ ನೀವೇ ಸಹಿ ಮಾಡೀರಲ್ಲ ಸರ್?” ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಈ ಜಗಳ ಬಗೆಹರಿಯದಿರುವುದಕ್ಕೆ ಅದೇ ಕಾರಣ.

ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಊರಿನ ಒಬ್ಬ ರೈತನನ್ನು ಮನಸ್ಸಿಗೆ ತಂದುಕೊಳ್ಳಿ. ಉಳ್ಳಾಗಡ್ಡಿಗೋ ಮೆಣಸಿನಕಾಯಿಗೋ ಕೈತುಂಬ ರೇಟು ಸಿಕ್ಕ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡಿದ್ದಾನೆ. ಒಂದು ಮುಂಜಾನೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಗಾಡಿ ಎಳೆಯುವುದಿಲ್ಲ. ಪರಿಚಯದ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ, “ಇದು ನನ್ನ ಕೈಲೆ ಆಗಂಗಿಲ್ಲಣ್ಣ, ಕಂಪನಿಗೇ ಒಯ್ಯಿ” ಎನ್ನುತ್ತಾನೆ. ಕಂಪನಿ ಎಂದರೆ ಬಹಳ ಸಲ ಹುಬ್ಬಳ್ಳಿ. ಗದಗಿನಿಂದ ಸುಮಾರು 60 ಕಿಲೋಮೀಟರ್. ಗಾಡಿಯನ್ನು ಎಳೆಸಿಕೊಂಡು ಹೋಗಿ ಬಿಟ್ಟು ಬಸ್ ಹತ್ತಿ ಊರಿಗೆ ಬರುತ್ತಾನೆ. ಮರುದಿನ ಫೋನು: “ಬಿಚ್ಚಿ ನೋಡಬೇಕಾಗ್ತದ್ರಿ.” ನೋಡ್ರಿ ಎನ್ನುತ್ತಾನೆ. ಇನ್ನೊಂದು ದಿನ ಕಳೆದು ಮತ್ತೊಂದು ಫೋನು: ನಾಲ್ಕೂ ಇಂಜೆಕ್ಟರ್ ಬದಲಿಸಬೇಕು. ಆ ಮೊತ್ತ ಕೇಳಿ ಬಾಯಿ ಒಣಗಿ, “ಬ್ಯಾಡ್ರಿ, ಗಾಡಿ ಹಂಗೇ ಕೊಡ್ರಿ” ಎಂದರೆ, ಹಾಗೇ ಕೊಡುವುದಕ್ಕೂ ಒಂದು ಬಿಲ್ಲು ತಯಾರಾಗಿರುತ್ತದೆ. ಸ್ಕ್ಯಾನ್ ಮಾಡಿದ್ದಕ್ಕೆ, ಬಿಚ್ಚಿದ್ದಕ್ಕೆ, ಮರಳಿ ಜೋಡಿಸಿದ್ದಕ್ಕೆ. ನಾಲ್ಕು ದಿನ ತಡ ಮಾಡಿದರೆ ಜಾಗದ ಬಾಡಿಗೆಯೂ ಸೇರುತ್ತದೆ.

ಈ ರೈತ ನನ್ನ ಕಲ್ಪನೆಯವನು. ಬೆಂಗಳೂರಿನಲ್ಲಿ ನಡೆದದ್ದು ಕಲ್ಪನೆಯಲ್ಲ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ, ವೈಟ್‌ಫೀಲ್ಡ್ ಕಡೆ ಬಡಾವಣೆಗಳು ಮುಳುಗಿದ್ದು ನೆನಪಿರಬಹುದು. ಆಗ ನೀರು ಹೊಕ್ಕ ವೋಕ್ಸ್‌ವ್ಯಾಗನ್ ಪೋಲೊ ಒಂದಕ್ಕೆ ಅಧಿಕೃತ ಸರ್ವಿಸ್ ಕೇಂದ್ರ ಹಾಕಿದ ಅಂದಾಜು 22 ಲಕ್ಷ ರೂಪಾಯಿ. ಕಾರಿನ ಬೆಲೆಯೇ ಸುಮಾರು 11 ಲಕ್ಷ. ವಿಮೆಯವರು ಪೂರ್ತಿ ನಷ್ಟ ಎಂದು ಒಪ್ಪಿಕೊಂಡರು. ಕಾಗದಪತ್ರ ತರಲು ಹೋದ ಮಾಲೀಕರ ಕೈಗೆ ಸಿಕ್ಕಿದ್ದು 44,840 ರೂಪಾಯಿಯ ಇನ್ನೊಂದು ಬಿಲ್ಲು, ಅಂದಾಜು ಹಾಕಿಕೊಟ್ಟ ಕೆಲಸಕ್ಕೆ! ಅವರು ಕಂಪನಿಗೇ ಬರೆದರು, ತಮ್ಮ ಕಥೆಯನ್ನು ಸಾರ್ವಜನಿಕವಾಗಿ ಹೇಳಿಕೊಂಡರು, ಪತ್ರಿಕೆಗಳು ಎತ್ತಿಕೊಂಡವು. ಇಂಥ ಅಂದಾಜಿಗೆ ಕಂಪನಿಯೇ 5,000 ರೂಪಾಯಿಯ ಮಿತಿ ಇಟ್ಟಿದೆ ಎಂಬುದು ತಮಗೆ ಆಮೇಲೆ ತಿಳಿಯಿತು ಎಂದು ಅವರು ಬರೆದರು, ತಕರಾರು ಮುಗಿಯಿತು. ಮಿತಿ ಮೊದಲಿಂದಲೂ ಇತ್ತು, ಗಿರಾಕಿಗೆ ಅದನ್ನು ಹೇಳಿದವರಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದು ದೇಶದ ಗಮನ ಸೆಳೆಯಬಲ್ಲ ಗಿರಾಕಿಗೇ ಇಷ್ಟು ಸುತ್ತಾಟ ಬಿತ್ತು ಎಂದಮೇಲೆ ಬಸ್ ಹಿಡಿದು ಊರಿಗೆ ಮರಳುವವನ ಪಾಡು ಊಹಿಸುವುದು ಕಷ್ಟವಲ್ಲ.

ಹಾಗೆಂದು, ನೋಡಿದ್ದಕ್ಕೆ ಹಣ ಕೇಳುವುದೇ ತಪ್ಪು ಎನ್ನುವವರ ಜೊತೆ ನಾನಿಲ್ಲ. ಈಗಿನ ಕಾರಿನಲ್ಲಿ ಕೆಟ್ಟದ್ದನ್ನು ಹುಡುಕುವುದೇ ದೊಡ್ಡ ಕೆಲಸ, ಸರಿಪಡಿಸುವುದು ಆಮೇಲಿನದು. ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಸ್ಕ್ಯಾನರ್ ಚುಚ್ಚುವುದು ಅಲ್ಲಿ. ಚುಚ್ಚಿದ ನಿಮಿಷಕ್ಕೆ ಒಂದು ಕೋಡ್ ಬರುತ್ತದೆ, ಉದಾಹರಣೆಗೆ ಪಿ0171. ಎಂಜಿನ್ನಿಗೆ ಗಾಳಿ ಹೆಚ್ಚಾಗಿದೆ, ಇಂಧನ ಕಡಿಮೆ ಬೀಳುತ್ತಿದೆ ಎಂದು ಅದರ ಅರ್ಥ. ಜ್ವರ ಇದೆ ಎಂದು ಥರ್ಮಾಮೀಟರ್ ಹೇಳಿದಷ್ಟೇ ಅದು. ಪೈಪು ಸೀಳಿ ಗಾಳಿ ನುಸುಳುತ್ತಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಫ್ಯುಯೆಲ್ ಪಂಪು ಸೋತಿರಬಹುದು, ಇಂಜೆಕ್ಟರ್ ಕಟ್ಟಿರಬಹುದು. ಇವುಗಳಲ್ಲಿ ಯಾವುದು ಎಂದು ಒಂದೊಂದಾಗಿ ತೆಗೆದುಹಾಕುತ್ತ ಹೋಗಲು ತಿಳಿವಳಿಕೆ ಬೇಕು, ಹೊತ್ತೂ ಬೇಕು. ಆ ಹೊತ್ತು ಖರ್ಚು ಮಾಡದ ವರ್ಕ್‌ಶಾಪು ಕೋಡ್ ಹೇಳಿದ ಕಡೆಯ ಸಾಮಾನನ್ನೆಲ್ಲ ಬದಲಿಸುತ್ತದೆ, ಮೊದಲು ಸೆನ್ಸರ್, ಆಮೇಲೆ ಪಂಪು. ಗಿರಾಕಿಗೆ ನಿಜವಾದ ಪೆಟ್ಟು ಅದು. ತಪಾಸಣೆಗೆ ತಕ್ಕ ಹಣ ಕೊಟ್ಟರೆ ಅಗ್ಗವಾಗಿಯೇ ಮುಗಿದೀತು.

ಊರ ಮಿಸ್ತ್ರಿ ನೋಡಿದ್ದಕ್ಕೆ ಹಣ ಕೇಳುವುದಿಲ್ಲ, ಸರಿ. ಆದರೆ ಅವನೂ ಪುಕ್ಕಟೆ ನೋಡುತ್ತಿಲ್ಲ, ಸಾಮಾನಿನ ಮೇಲೆ ಇಟ್ಟುಕೊಂಡ ಲಾಭದಲ್ಲಿ ನೋಡಿದ ಕೂಲಿ ಸೇರಿರುತ್ತದೆ. ಕಂಪನಿಯವರು ಸಾಮಾನಿನ ಮೇಲೂ ಗಳಿಸುತ್ತಾರೆ, ನೋಡಿದ್ದನ್ನೂ ಬೇರೆ ಬರೆಯುತ್ತಾರೆ.

ಎಷ್ಟು ಗಳಿಸುತ್ತಾರೆ ಎಂಬುದನ್ನು ಭಾರತೀಯ ಸ್ಪರ್ಧಾ ಆಯೋಗ ಒಮ್ಮೆ ಕೆದಕಿ ನೋಡಿದೆ. 2011ರಲ್ಲಿ ಹೋದ ಒಂದು ದೂರು ಮೂರು ಕಂಪನಿಗಳಿಂದ ಶುರುವಾಗಿ ಹಿಗ್ಗುತ್ತ ಹೋಗಿ, 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಬಿತ್ತು. ಮಾರುತಿ, ಟಾಟಾ, ಮಹೀಂದ್ರ, ಹೋಂಡಾ, ಟೊಯೊಟಾ ಎಲ್ಲ ಆ ಪಟ್ಟಿಯಲ್ಲಿದ್ದವು. ಹಲವು ಬಿಡಿಭಾಗಗಳನ್ನು ಶೇ 100ಕ್ಕೂ ಮೀರಿದ ಲಾಭಕ್ಕೆ, ಕೆಲವನ್ನು ಸುಮಾರು ಶೇ 5,000ದವರೆಗಿನ ಲಾಭಕ್ಕೆ ಮಾರುತ್ತಿದ್ದರು ಎಂದು ಆಯೋಗ ಕಂಡುಕೊಂಡಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅಸಲಿ ಬಿಡಿಭಾಗ, ತಪಾಸಣೆಯ ಉಪಕರಣ, ರಿಪೇರಿಯ ಕೈಪಿಡಿ ಮೂರೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಬಿಗಿಹಿಡಿದಿದ್ದರು. ಇವನ್ನು ಹೊರಗಿನವರಿಗೂ ಬಿಟ್ಟುಕೊಡಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬೇಡಿ ಎಂದು ಆದೇಶವಾಯಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸ್ಸಾನ್ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು ದಂಡವನ್ನು ಮಾತ್ರ ಇಳಿಸಿತು.

ಹಿರೇಹಂದಿಗೋಳದ ಗಾಡಿ ಹುಬ್ಬಳ್ಳಿಗೆ ಹೋಗಬೇಕಾದ ಕಾರಣ ಈ ಆದೇಶದ ಒಳಗೇ ಇದೆ. ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಹೊಸ ಇಂಜೆಕ್ಟರ್ ಕೂರಿಸಿದರಷ್ಟೇ ಸಾಲದು, ಅದರ ಮೈಮೇಲೆ ಬರೆದ ಕೋಡನ್ನು ಎಂಜಿನ್ನಿನ ಕಂಪ್ಯೂಟರಿಗೆ ಊಡಿಸಬೇಕು. ಊಡಿಸುವ ಸಾಫ್ಟ್‌ವೇರ್ ಇಲ್ಲದ ಮಿಸ್ತ್ರಿಯ ಕೈ ಎಷ್ಟೇ ಪಳಗಿರಲಿ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಈಗ ಹಲವು ಕಂಪನಿಯ ಗಾಡಿಗಳಿಗೆ ಹೊಂದುವ ಸ್ಕ್ಯಾನರುಗಳು ಪೇಟೆಗೆ ಬಂದಿವೆ, ಆದರೆ ಒಬ್ಬ ಮಿಸ್ತ್ರಿಗೆ ಅವುಗಳ ಬೆಲೆ ಭಾರ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ತಾಲ್ಲೂಕು ಇದು. ಹತ್ತು ಗ್ಯಾರೇಜಿನವರು ಕೂಡಿ ಒಂದು ಒಳ್ಳೆ ಸ್ಕ್ಯಾನರ್ ತರುವುದು ಇಲ್ಲಿನವರಿಗೆ ಹೊಳೆಯದ ವಿಚಾರವೇನಲ್ಲ ಎಂದು ನನ್ನ ನಂಬಿಕೆ.

ಇನ್ನು ಬಿಲ್ಲಿನ ಜಗಳ. ಕ್ಯಾಲಿಫೋರ್ನಿಯಾದಲ್ಲಿ ವಾಹನ ರಿಪೇರಿಗೇ ಮೀಸಲಾದ ಕಾಯ್ದೆಯೊಂದು 1971ರಿಂದ ಇದೆ. ಬಿಚ್ಚಿ ನೋಡುವುದಾದರೆ ಅದಕ್ಕೆ ಎಷ್ಟು, ಗಿರಾಕಿ ರಿಪೇರಿ ಬೇಡ ಎಂದರೆ ಮರಳಿ ಜೋಡಿಸಲು ಎಷ್ಟು ಎಂಬುದನ್ನು ಗ್ಯಾರೇಜಿನವರು ಅಲ್ಲಿ ಮೊದಲೇ ಅಂದಾಜಿನಲ್ಲಿ ಬರೆದು ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ಆ ಜಾಗವನ್ನು ಜಾಬ್ ಕಾರ್ಡ್ ತುಂಬುತ್ತದೆ. ಅದರ ಹಿಂಬದಿಯ ಸಣ್ಣಕ್ಷರದ ಷರತ್ತುಗಳನ್ನು ಬರೆದವರು ಅವರು, ಸಹಿ ಮಾಡುವವರು ನಾವು. ಸಹಿಯ ಮೇಲ್ಗಡೆ ನಾವೂ ಒಂದು ಸಾಲು ಬರೆಯಬಹುದು ಎಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ‘ಸ್ಕ್ಯಾನಿಂಗಿಗೆ ಇಷ್ಟು ರೂಪಾಯಿ ಒಪ್ಪಿದ್ದೇನೆ, ಬಿಚ್ಚುವ ಮುನ್ನ ಮೊತ್ತ ತಿಳಿಸಿ ನನ್ನ ಒಪ್ಪಿಗೆ ಪಡೆಯಬೇಕು’ ಎಂದು ಕನ್ನಡದಲ್ಲೇ ಬರೆದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರೆ ಸಾಕು. ಫೋನಿನಲ್ಲಿ ಕೇಳಿದರೆ ವಾಟ್ಸ್ಆ್ಯಪಿನಲ್ಲಿ ಕಳಿಸಿ ಎನ್ನಬೇಕು. ಬದಲಿಸಿದ ಹಳೆ ಸಾಮಾನು ವಾಪಸ್ ಕೇಳಬೇಕು. ಬಿಲ್ಲಿನ ತೆರಿಗೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು: 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಕ್ಕೆ ಶೇ 28ರ ಜಿಎಸ್‌ಟಿ ಇಲ್ಲ, ಶೇ 18 ಮಾತ್ರ.

ಬಿಲ್ಲು ಕಟ್ಟದೆ ಗಾಡಿ ಬಿಡಲ್ಲ ಎಂದರೆ? ಅಲ್ಲಿ ವರ್ಕ್‌ಶಾಪಿನವರ ಕಡೆಗೂ ಕಾನೂನಿದೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವನು ತನ್ನ ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಕಾಯ್ದೆ ಕೊಡುವ ಉದಾಹರಣೆ ಅಕ್ಕಸಾಲಿಗನಿಗೆ ಕೊಟ್ಟ ಒರಟು ವಜ್ರದ್ದು. ಕೇಳದೆ ಮಾಡಿದ ಕೆಲಸಕ್ಕೂ ಈ ಹಕ್ಕು ಉಂಟೇ ಎಂದು ವಾದಿಸಬಹುದು ನಿಜ, ಆದರೆ ವಾದ ಮುಗಿಯುವವರೆಗೆ ಗಾಡಿ ಅವರ ಅಂಗಳದಲ್ಲಿರುತ್ತದೆ. ಅದಕ್ಕೇ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬಿಲ್ಲಿನ ಮೇಲೆ ಬರೆದು, ಹಣ ಕಟ್ಟಿ, ಗಾಡಿ ಬಿಡಿಸಿಕೊಂಡು ಬಂದು ಆಮೇಲೆ ಜಗಳಾಡುವುದು ಜಾಣತನ.

ಜಗಳಕ್ಕೆ ಹುಬ್ಬಳ್ಳಿಗೆ ಅಲೆಯಬೇಕಿಲ್ಲ. 1986ರ ಗ್ರಾಹಕ ಕಾಯ್ದೆಯಡಿ ಎದುರಾಳಿ ಇರುವಲ್ಲಿ ಅಥವಾ ಘಟನೆ ನಡೆದಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಯಾದ ಹೊಸ ಕಾಯ್ದೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಬಿಟ್ಟಿದೆ. ಹುಬ್ಬಳ್ಳಿಯ ಬಿಲ್ಲಿಗೆ ಗದಗ ಜಿಲ್ಲಾ ಗ್ರಾಹಕರ ಆಯೋಗ ನೋಟಿಸ್ ಕಳಿಸುತ್ತದೆ, ಓಡಾಟದ ಪಾಳಿ ಈಗ ಶೋರೂಮಿನದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ. ಎರಡು-ಮೂರು ಸಾವಿರದ ತಕರಾರಿಗೆ ಅಷ್ಟು ದೂರ ಹೋಗುವ ಮುನ್ನ 1915ಕ್ಕೆ ಫೋನ್ ಮಾಡಿ ನೋಡಬಹುದು. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಬಾಡಿಗೆಗೆ ಓಡಿಸುವ ಗಾಡಿ ವಾಣಿಜ್ಯದ್ದಲ್ಲವೇ, ಅದರ ಮಾಲೀಕ ಗ್ರಾಹಕ ಹೇಗಾದ ಎಂದು ಎದುರಿನವರು ತಗಾದೆ ತೆಗೆಯುವುದುಂಟು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಓಡಿಸುವವನು ಗ್ರಾಹಕನೇ ಎಂಬುದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಬಿಡಿಸಿ ಹೇಳಿದೆ.

ಆದರೂ ದೂರು ಇತ್ಯರ್ಥವಾಗಲು ಕಾಯ್ದೆಯ ಲೆಕ್ಕದಲ್ಲಿ ಮೂರು ತಿಂಗಳು, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳು. ಆಚರಣೆಯಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಕಾರು ಕಾಯುತ್ತದೆ, ಟ್ರ್ಯಾಕ್ಟರ್ ಕಾಯುವುದಿಲ್ಲ. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದು, ಅವುಗಳ ಎಂಜಿನ್ನಿಗೂ ಸೆನ್ಸರು, ಕಂಪ್ಯೂಟರು ಸೇರಿಕೊಂಡಿವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್ಲಿನಲ್ಲಿ ಕೃಷಿ ಉಪಕರಣಕ್ಕೂ ಒಂದು ವಿಭಾಗವಿದೆ, ಕಂಪನಿಗಳು ಅಲ್ಲಿ ರಿಪೇರಿಯ ಮಾಹಿತಿ ಹಾಕಬೇಕೆಂಬುದು ಆಶಯ. ಆಶಯಕ್ಕೆ ಕಡ್ಡಾಯದ ಬಲ ಇನ್ನೂ ಸಿಕ್ಕಿಲ್ಲ. ಜೂನಿನಲ್ಲಿ ಹದ ಬಿದ್ದ ವಾರದೊಳಗೆ ಹೆಸರು ಬಿತ್ತಬೇಕಾದವನು ಟ್ರ್ಯಾಕ್ಟರಿನ ಮೀಟರಿನಲ್ಲಿ ಆ ಹಳದಿ ದೀಪ ಕಂಡರೆ, ಕೇಳಿದಷ್ಟು ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಬಿಲ್ಲು ಕೇಳುವಷ್ಟು ಪುರುಸೊತ್ತು ಕೂಡ ಅವನಿಗೆ ಆ ವಾರ ಇರುವುದಿಲ್ಲ.