ಗಾಂಜಾ ಎಲೆಯ ವಿಪರ್ಯಾಸಗಳು ಮತ್ತು ಪ್ರಭೇದ ನಿರ್ಣಯದ ಚರಿತ್ರೆ

ಗಿಡದ ಗುರುತು ಅದರ ಎಲೆಯಲ್ಲಿದೆಯೆಂಬುದು ಸಾಮಾನ್ಯವಾದ ನಂಬಿಕೆ. ಗಾಂಜಾ ಗಿಡದ ಮಟ್ಟಿಗಂತೂ ಬೆರಳು ಬಿಡಿಸಿದ ಅಂಗೈಯನ್ನು ಹೋಲುವ ಎಲೆಯೇ ಅದರ ಲಾಂಛನವೆನಿಸಿದೆ. ಆದರೆ ಈ ಸಾಕ್ಷಿ ಎಷ್ಟರಮಟ್ಟಿಗೆ ವಿಶ್ವಾಸಾರ್ಹವಾದುದು? ಕೆನಡಾದ ಒಕ್ಕೂಟ ಶಾಸನವು 2018ರ ಅಕ್ಟೋಬರ್ 17ರಿಂದ ಮನೆಯೊಂದಕ್ಕೆ ನಾಲ್ಕು ಗಿಡಗಳವರೆಗೆ ಬೆಳೆಯಲು ಅವಕಾಶ ನೀಡಿತು. ಕೆಲವು ಪ್ರಾಂತಗಳು ಮಾತ್ರ ಅದನ್ನು ಒಪ್ಪಲಿಲ್ಲ. ಇಂತಹ ಮನೆಯ ಬೆಳೆಯಲ್ಲಿ ವಿಚಿತ್ರವಾದ ಎಲೆಗಳು ಕಂಡಾಗ, ಅದು ಹೊಸ ತಳಿಯೋ ರೋಗವೋ ಎಂಬ ಸಂದೇಹ ಹುಟ್ಟುವುದು ಸಹಜ. ಈ ಸಂದೇಹಕ್ಕೆ ಒಂದು ದೀರ್ಘವಾದ ಚರಿತ್ರೆಯಿದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ನಮ್ಮ ಉದ್ದೇಶ.

ಮೊದಲು ಸಹಜಸ್ಥಿತಿಯನ್ನು ಗಮನಿಸೋಣ. ಎರಡು ಬೀಜದಳಗಳ ಬಳಿಕ ಮೂಡುವ ಪ್ರಥಮ ಎಲೆಗಳಿಗೆ ಒಂದೊಂದೇ ಕಿರುಎಲೆಯಿರುತ್ತದೆ. ಅನಂತರ ಮೂರು, ಐದು, ಏಳು ಎಂಬ ಕ್ರಮದಲ್ಲಿ ಸಂಖ್ಯೆ ಏರುತ್ತದೆ. ಹೂಗೊಂಚಲಿನ ಸಮೀಪದಲ್ಲಿ ಅದು ಮತ್ತೆ ಇಳಿಯುತ್ತದೆ. ಕೆಳಗಿನ ಗೆಣ್ಣುಗಳಲ್ಲಿ ಎಲೆಗಳು ಎದುರುಬದುರಾಗಿದ್ದು, ಗಿಡ ಬಲಿತಂತೆ ಒಂದು ಬಿಟ್ಟು ಒಂದರಂತೆ ಪರ್ಯಾಯವಾಗಿ ಹುಟ್ಟುತ್ತವೆ. ಎಂದರೆ ಒಂದೇ ಗಿಡವು ತನ್ನ ಆಯುಷ್ಯದಲ್ಲಿ ಹಲವು ಬಗೆಯ ಎಲೆಗಳನ್ನು ತಳೆಯುತ್ತದೆ.

ಈ ಕ್ರಮವನ್ನು ಮೀರಿದ ರೂಪಗಳೂ ಉಂಟು. ಕೆಲವು ಸಸಿಗಳಲ್ಲಿ ಗೆಣ್ಣಿಗೆ ಎರಡರ ಬದಲು ಮೂರು ಎಲೆಗಳು ಸುತ್ತುಗಟ್ಟಿರುತ್ತವೆ. ಕೆಲವು ಎಲೆಗಳಲ್ಲಿ ಪತ್ರಹರಿತ್ತಿಲ್ಲದ ಬಿಳಿಯ ಪಟ್ಟೆಗಳಿರುತ್ತವೆ. ‘ಬಾತುಕೋಳಿಯ ಪಾದ’ ಎಂಬ ಅರ್ಥದ ಹೆಸರುಳ್ಳ ತಳಿಯೊಂದರಲ್ಲಿ ಕಿರುಎಲೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದು, ಆ ಲಕ್ಷಣವು ಬೀಜದ ಮೂಲಕ ಮುಂದಿನ ಪೀಳಿಗೆಗೆ ಹರಿಯುತ್ತದೆ. ಗಿಡವು ಸುಲಭವಾಗಿ ಗುರುತಿಗೆ ಸಿಕ್ಕದೆಂಬ ಕಾರಣದಿಂದಲೇ ಕೆಲವರು ಅದನ್ನು ಮೆಚ್ಚಿದರೆಂಬುದು ಗಮನಾರ್ಹ.

ಆದರೆ ವಿಚಿತ್ರವಾದುದೆಲ್ಲವೂ ಉತ್ಪರಿವರ್ತನೆಯಲ್ಲ. ಹೂಬಿಟ್ಟ ಗಿಡವನ್ನು ಮತ್ತೆ ದೀರ್ಘಕಾಲದ ಬೆಳಕಿಗೆ ಒಡ್ಡಿದರೆ ನಯವಾದ ಅಂಚಿನ ಒಂಟಿ ಎಲೆಗಳು ಮೂಡುತ್ತವೆ. ಇದು ಬೆಳವಣಿಗೆಯ ದಿಕ್ಕು ಬದಲಾದುದರ ಫಲ. ವೈರಸ್ ಸೋಂಕಿನಿಂದಲೂ ಎಲೆಗಳು ಮುರುಟಬಹುದು, ಮಚ್ಚೆಗೊಳ್ಳಬಹುದು. ಲಕ್ಷಣವು ಸಂತತಿಯಲ್ಲಿ ಮರುಕಳಿಸುವುದೇ ಎಂದು ಪರೀಕ್ಷಿಸಿದಲ್ಲದೆ ನಿರ್ಣಯ ಸಲ್ಲದು.

ಇಂತಹ ಚಂಚಲವಾದ ಎಲೆಯನ್ನು ಆಧಾರವಾಗಿಟ್ಟುಕೊಂಡೇ ಪಂಡಿತರು ಹೆಸರುಗಳನ್ನು ಕೊಟ್ಟರು. 1753ರಲ್ಲಿ ಲಿನೇಯಸ್ ‘ಕ್ಯಾನಬಿಸ್ ಸಟೈವ’ ಎಂಬ ಒಂದೇ ಪ್ರಭೇದವನ್ನು ಹೆಸರಿಸಿದನು. 1785ರಲ್ಲಿ ಫ್ರಾನ್ಸಿನ ಲಮಾರ್ಕ್, ಭಾರತದಿಂದ ಬಂದ ಮಾದರಿಗಳನ್ನು ನೋಡಿ ‘ಕ್ಯಾನಬಿಸ್ ಇಂಡಿಕ’ ಎಂಬ ಪ್ರತ್ಯೇಕ ಪ್ರಭೇದವನ್ನು ಸ್ಥಾಪಿಸಿದನು. ಎಲೆಗಳ ಪರ್ಯಾಯ ಜೋಡಣೆಯು ಅವನು ತೋರಿಸಿದ ಕಾರಣಗಳಲ್ಲಿ ಒಂದು. ಬಲಿತ ಗಿಡದಲ್ಲೆಲ್ಲ ಆ ಜೋಡಣೆ ಕಾಣುವುದೆಂದು ಮೇಲೆಯೇ ಹೇಳಿದೆವು. ಲಮಾರ್ಕನ ಇಂಡಿಕದ ಕಿರುಎಲೆಗಳು ಕಿರಿದಾದವು. 1970ರ ದಶಕದಲ್ಲಿ ಅಮೆರಿಕದ ಶುಲ್ಟೆಸ್ ಮೊದಲಾದವರು ಅದೇ ಹೆಸರನ್ನು ಆಫ್ಘಾನಿಸ್ತಾನದ ಅಗಲವಾದ ಎಲೆಯ ಗಿಡಗಳಿಗೆ ಅನ್ವಯಿಸಿದರು. ಹೀಗೆ ಹೆಸರು ಉಳಿಯಿತು, ಅರ್ಥ ಮಗುಚಿತು.

ಇದು ಪಂಡಿತರ ಗ್ರಂಥಗಳಲ್ಲಿಯೇ ನಿಂತ ವಿವಾದವಲ್ಲ. ಅಮೆರಿಕದ 1937ರ ತೆರಿಗೆ ಶಾಸನವೂ 1970ರ ನಿಯಂತ್ರಣ ಶಾಸನವೂ ‘ಸಟೈವ’ವೊಂದನ್ನೇ ಹೆಸರಿಸಿದ್ದವು. ಆದುದರಿಂದ 1970ರ ದಶಕದಲ್ಲಿ ಆಪಾದಿತರು, ತಮ್ಮ ಬಳಿ ದೊರೆತುದು ಬೇರೆ ಪ್ರಭೇದವಾಗಿರಬಹುದೆಂದು ವಾದಿಸಿದರು. ಸಸ್ಯಶಾಸ್ತ್ರಜ್ಞರು ಇಬ್ಬಣವಾಗಿ ನಿಂತು ಸಾಕ್ಷ್ಯ ನುಡಿದರು. ಮನುಷ್ಯನೊಬ್ಬನ ಬಿಡುಗಡೆಯೋ ಸೆರೆಮನೆಯೋ ಎಂಬುದು ಒಂದು ಪ್ರಭೇದ ನಾಮದ ಮೇಲೆ ನಿಂತಿತ್ತು. ಶಾಸನದ ಆಶಯವು ಎಲ್ಲ ಬಗೆಯ ಗಾಂಜಾ ಗಿಡಗಳನ್ನೂ ಒಳಗೊಂಡಿತ್ತೆಂದು ಹೇಳಿ, ಮೇಲಿನ ನ್ಯಾಯಾಲಯಗಳು ಈ ವಾದವನ್ನು ಬಹುಮಟ್ಟಿಗೆ ತಳ್ಳಿಹಾಕಿದವು. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ವಿದ್ವಾಂಸರು, ಪ್ರಭೇದ ಒಂದೇ ಎಂದು ಪ್ರತಿಪಾದಿಸಿ, ಅದರೊಳಗಿನ ವಿಭಾಗಕ್ಕೆ ಮಾದಕಾಂಶದ ಪ್ರಮಾಣವನ್ನು ಮುಖ್ಯ ಆಧಾರವಾಗಿಸಿದರು. ಅವರು ಸೂಚಿಸಿದ ಶೇಕಡ 0.3ರ ಗಡಿಯೇ 2018ರ ಅಮೆರಿಕದ ಕೃಷಿ ಶಾಸನದಲ್ಲಿ ನಾರಿನ ಬೆಳೆಯನ್ನು ಬೇರ್ಪಡಿಸುವ ಗೆರೆಯಾಯಿತು.

ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾಯಿದೆ ಈ ತೊಡಕಿಗೆ ಎಡೆಗೊಡಲಿಲ್ಲ. ‘ಕ್ಯಾನಬಿಸ್’ ಕುಲದ ಯಾವ ಸಸ್ಯವಾದರೂ ಅದರ ವ್ಯಾಪ್ತಿಗೆ ಸೇರುತ್ತದೆ. ಅನುಮತಿಯಿಲ್ಲದೆ ಬೆಳೆಯುವುದು ಅಪರಾಧ. ಎಲೆ ಬೆಸೆದಿರಲಿ, ಸೀಳಿರಲಿ, ಆ ಭೇದದಿಂದ ಕಾನೂನಿನ ದೃಷ್ಟಿ ಬದಲಾಗದು. ಆದರೆ ಅದೇ ಕಾಯಿದೆ ‘ಗಾಂಜಾ’ ಎಂಬ ಪದವನ್ನು ಹೂ ಅಥವಾ ಕಾಯಿಯ ತುದಿಗಳಿಗೆ ಸೀಮಿತಗೊಳಿಸಿ, ತುದಿಗಳೊಡನಿರದ ಬರಿಯ ಎಲೆಯನ್ನೂ ಬೀಜವನ್ನೂ ಆ ಪದದ ಅರ್ಥದಿಂದ ಹೊರಗಿಟ್ಟಿದೆ. ಲೋಕದ ಕಣ್ಣಿಗೆ ಗಿಡದ ಲಾಂಛನವೆನಿಸಿದ ಎಲೆಗೆ ಕಾನೂನಿನಲ್ಲಿ ಆ ಪ್ರಾಧಾನ್ಯವಿಲ್ಲ.

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ಒಂಟಿ ಎಲೆಯು ಒಂಟಿ ಶಾಸನದಂತೆ. ಅದು ಯಾವ ಅವಸ್ಥೆಯಲ್ಲಿ, ಯಾವ ಸನ್ನಿವೇಶದಲ್ಲಿ ಮೂಡಿತೆಂಬುದನ್ನು ತಿಳಿಯದೆ ಓದಿದರೆ ತಪ್ಪು ಹೆಸರು ಹುಟ್ಟುತ್ತದೆ. ಹಾಗೆ ಹುಟ್ಟಿದ ಹೆಸರು ಒಮ್ಮೆ ಕಾನೂನಿನ ಪುಟವನ್ನು ಸೇರಿದರೆ, ಅದನ್ನು ತಿದ್ದುವ ಹೊಣೆ ಸಸ್ಯಶಾಸ್ತ್ರಜ್ಞರೊಬ್ಬರದೇ ಆಗಿ ಉಳಿಯುವುದಿಲ್ಲ.