ನಿಮ್ಮ ತೋಟದ ಹಣ್ಣು ನಿಮ್ಮ ಮನೆಯ ಬಟ್ಟಲಿಗೆ

ಪರಂಗಿ ತೋಟದಲ್ಲಿ ಲಾರಿಗೆ ಹಣ್ಣು ತುಂಬುವ ದಿನ ಒಮ್ಮೆ ಮನೆಯೊಳಗೆ ಇಣುಕಿ ನೋಡಿ. ಹೊರಗೆ ಟನ್ನುಗಟ್ಟಲೆ ಹಣ್ಣು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ಪೇಟೆಗೆ ಹೊರಟಿರುತ್ತದೆ. ಒಳಗೆ ಮಕ್ಕಳು ಅಂಗಡಿಯಿಂದ ತಂದ ಬಣ್ಣದ ಪಾನೀಯವನ್ನು ಹೀರುತ್ತಿರುತ್ತಾರೆ. ಬಂದ ನೆಂಟರಿಗೂ ಅದೇ ಉಪಚಾರ. ತೋಟದ ಹಣ್ಣನ್ನು ಮುಂದಿಡಲು ಮನೆಯವರಿಗೆ ಏನೋ ಸಂಕೋಚ. ವ್ಯಾಪಾರಿ ಬೇಡವೆಂದು ತೆಗೆದುಹಾಕಿದ ಹಣ್ಣು ಬದುವಿನ ಮೇಲೆ ಕೊಳೆಯುತ್ತಿದ್ದರೂ ಅದು ಮಕ್ಕಳ ಬಾಯಿಗೆ ಬೀಳುವುದಿಲ್ಲ.

ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಹಣ್ಣು ಒಂದರಿಂದಲೇ ಇದು ವಾಸಿಯಾಗುತ್ತದೆಂದು ಯಾರೂ ಹೇಳಲಾರರು. ಆದರೆ ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೀವಸತ್ವ ‘ಸಿ’ ನೆರವಾಗುತ್ತದೆ. ಕಣ್ಣಿಗೆ ಬೇಕಾದ ಜೀವಸತ್ವ ‘ಎ’ಯನ್ನು ನಮ್ಮ ಶರೀರ ಪರಂಗಿ, ಮಾವುಗಳಲ್ಲಿರುವ ಕೆರೋಟಿನ್ ಎಂಬ ಹಳದಿ ವಸ್ತುವಿನಿಂದ ತಯಾರಿಸಿಕೊಳ್ಳುತ್ತದೆ. ಇವೆರಡೂ ನಿಮ್ಮ ತೋಟದಲ್ಲೇ ಇವೆ. ದಿನಕ್ಕೆ ಒಬ್ಬರಿಗೆ ಕನಿಷ್ಠ 100 ಗ್ರಾಂ ಹಣ್ಣು ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ.

ನಗರಗಳ ಹೋಟೆಲುಗಳಲ್ಲಿ ಈಗ ‘ಸ್ಮೂದಿ ಬೌಲ್’ ಎಂಬ ಹೆಸರಿನಲ್ಲಿ ಹಣ್ಣನ್ನು ಗಟ್ಟಿಯಾಗಿ ಅರೆದು, ಬಟ್ಟಲಿಗೆ ಹಾಕಿ, ಮೇಲೆ ಬೀಜ, ಕಾಳು, ಹಣ್ಣಿನ ಹೋಳುಗಳನ್ನು ಹರಡಿ ಕೊಡುತ್ತಾರೆ. ಅದಕ್ಕೆ ತೆರುವ ಬೆಲೆ ಕೇಳಿದರೆ ಬೆಳೆದವರಿಗೆ ನಗು ಬಂದೀತು. ನಮ್ಮ ಬಾಳೆಹಣ್ಣಿನ ರಸಾಯನ, ಮಾವಿನ ಸೀಕರಣೆಗಳಿಗೆ ಅದು ದೂರದ ನೆಂಟನೇ ಸರಿ. ಒಂದೇ ವ್ಯತ್ಯಾಸವೆಂದರೆ ಇದರಲ್ಲಿ ಸಕ್ಕರೆ, ಬೆಲ್ಲ ಬೇಕಿಲ್ಲ. ಹಣ್ಣಿನ ಸಿಹಿಯೇ ಸಾಕು.

ಹಣ್ಣನ್ನು ಆರಿಸುವಾಗ

ಪೇಟೆಗೆ ಕಳಿಸುವ ಪರಂಗಿಯನ್ನು ಒಂದೆರಡು ಹಳದಿ ಗೆರೆ ಮೂಡುತ್ತಲೇ ಕೊಯ್ಯುತ್ತೀರಿ. ಮನೆಗೆ ಬೇಕಾದದ್ದನ್ನು ಮುಕ್ಕಾಲು ಭಾಗ ಹಳದಿಯಾಗುವವರೆಗೆ ಗಿಡದಲ್ಲೇ ಬಿಡಿ. ರುಚಿಯ ಅಂತರ ತಿಂದೇ ತಿಳಿಯಬೇಕು. ಗಾತ್ರ ಚಿಕ್ಕದಾಯಿತು, ಸೊಟ್ಟಗಾಯಿತು ಎಂದು ಬಿಟ್ಟ ಹಣ್ಣು ಬಟ್ಟಲಿಗೆ ಬಹಳ ಚೆನ್ನ. ಉಂಗುರ ಚುಕ್ಕೆ ನಂಜುರೋಗ ತಗುಲಿದ ಗಿಡದ ಹಣ್ಣನ್ನು ತಿನ್ನಬಹುದೇ ಎಂದು ಹಲವರು ಕೇಳುತ್ತಾರೆ. ಗಿಡದ ಈ ನಂಜು ಮನುಷ್ಯರಿಗೆ ತಗಲುವುದಿಲ್ಲ. ಸಿಹಿ ಮಾತ್ರ ಕಡಿಮೆ ಇರುತ್ತದೆ.

ಆದರೆ ಬಾವಲಿ, ಹಕ್ಕಿ ಕಚ್ಚಿದ ಹಣ್ಣನ್ನು ಕಚ್ಚಿದ ಭಾಗ ಕೊಯ್ದು ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಬಿಡಲೇಬೇಕು. ನೆರೆಯ ಕೇರಳದಲ್ಲಿ 2018ರಲ್ಲಿ ಹಲವರನ್ನು ಬಲಿ ತೆಗೆದುಕೊಂಡ ನಿಪಾ ರೋಗದ ವೈರಾಣುವಿಗೆ ಹಣ್ಣು ತಿನ್ನುವ ಬಾವಲಿಗಳೇ ಆಶ್ರಯ. ಅಂತಹ ಹಣ್ಣನ್ನು ಕೈಯಲ್ಲಿ ಮುಟ್ಟದೆ ಗುಂಡಿಗೆ ಹಾಕಿ ಮುಚ್ಚಿ. ಔಷಧಿ ಸಿಂಪಡಿಸಿದ ತೋಟವಾದರೆ ಡಬ್ಬಿಯ ಚೀಟಿಯಲ್ಲಿ ಸೂಚಿಸಿದಷ್ಟು ದಿನ ಕಳೆಯದೆ ಮನೆಗೂ ಕೊಯ್ಯಬೇಡಿ, ಪೇಟೆಗೂ ಕಳಿಸಬೇಡಿ. ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವುದು ಕಾನೂನಿನಂತೆ ನಿಷಿದ್ಧ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಕಾಯಿಗಳ ನಡುವೆ ಎರಡು ಮಾಗಿದ ಬಾಳೆಹಣ್ಣು ಇಟ್ಟು ಮುಚ್ಚಿದರೆ ಸಾಕು. ಅವು ಬಿಡುವ ಎಥಿಲೀನ್ ಅನಿಲವೇ ಉಳಿದವನ್ನು ಮಾಗಿಸುತ್ತದೆ.

ಮಾಡುವ ಕ್ರಮ

ನಾಲ್ಕು ಮಂದಿಗೆ ಸಿಪ್ಪೆ, ಬೀಜ ತೆಗೆದ ಪರಂಗಿ ಅರ್ಧ ಕಿಲೋ, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಆರು, ಮೊಸರು ಅರ್ಧ ಲೀಟರ್, ನಿಂಬೆಹಣ್ಣು ಅರ್ಧ ಹೋಳು ಬೇಕು. ಮೊಸರನ್ನು ತೆಳುವಾದ ಶುದ್ಧ ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿ ನೀರು ಇಳಿಸಿಕೊಳ್ಳಿ. ಈ ಕೆಲಸವನ್ನು ಬಿಟ್ಟರೆ ಬಟ್ಟಲಿನ ಬದಲು ಲೋಟ ಬೇಕಾಗುತ್ತದೆ! ಇಳಿದ ನೀರನ್ನು ಚೆಲ್ಲದೆ ಹಿಟ್ಟು ಕಲಸಲು ಅಥವಾ ಸಾರಿಗೆ ಬಳಸಿಕೊಳ್ಳಿ.

ಮನೆಯಲ್ಲಿ ಫ್ರಿಜ್ ಇದ್ದರೆ ಬಾಳೆಹಣ್ಣಿನ ಸಿಪ್ಪೆ ಸುಲಿದು, ಪರಂಗಿಯನ್ನು ಹೋಳು ಮಾಡಿ, ಹಿಂದಿನ ರಾತ್ರಿಯೇ ಐಸ್ ಆಗುವ ಖಾನೆಯಲ್ಲಿಡಿ. ಆಗ ಮಂಜುಗಡ್ಡೆ ಸೇರಿಸಿ ತೆಳುವಾಗಿಸುವ ಪ್ರಮೇಯವಿಲ್ಲ. ಫ್ರಿಜ್ ಇಲ್ಲದಿದ್ದರೂ ಚಿಂತೆಯಿಲ್ಲ. ಹಣ್ಣನ್ನು ಮಡಕೆಯಲ್ಲಿಟ್ಟು, ಮಡಕೆಯನ್ನು ತೊಯ್ದ ಮರಳಿನಲ್ಲಿ ಕೂರಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ, ಎರಡು ಸಾಲು ಇಟ್ಟಿಗೆಯ ನಡುವೆ ಒದ್ದೆ ಮರಳು ತುಂಬುವ ಶೂನ್ಯಶಕ್ತಿ ಶೀತಕೋಣೆಯೂ ಇದೇ ತತ್ವದ್ದು. ಹೆಚ್ಚು ಹಣ್ಣು ಇರುವವರು ಅದನ್ನೇ ಕಟ್ಟಿಸಿಕೊಳ್ಳಬಹುದು.

ಮೊದಲು ಬಾಳೆಹಣ್ಣನ್ನು ನಿಂಬೆರಸ ಹಿಂಡಿ, ಗಟ್ಟಿ ಮೊಸರಿನೊಡನೆ ಮಿಕ್ಸಿಗೆ ಹಾಕಿ. ನಿಂಬೆರಸವಿಲ್ಲದೆ ಹೋದರೆ ಬಾಳೆ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಇದು ನುಣ್ಣಗಾದ ಮೇಲೆ ಪರಂಗಿ ಸೇರಿಸಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದು ಹನಿ ನೀರೂ ಬೇಡ. ಕರೆಂಟು ಇಲ್ಲದಾಗ ಪಾತ್ರೆಯಲ್ಲಿ ಕಡಗೋಲಿನಿಂದ ಮಥಿಸಿದರೂ ಆದೀತು, ಸ್ವಲ್ಪ ತರಿ ಉಳಿಯುತ್ತದೆ ಅಷ್ಟೆ. ಚಮಚದಿಂದ ಎಳೆದ ಗೆರೆ ಕೂಡಿಕೊಳ್ಳದೆ ಹಾಗೇ ನಿಂತರೆ ಹದ ಸರಿಯಾಗಿದೆಯೆಂದು ತಿಳಿಯಿರಿ. ಹೆಚ್ಚು ಹೊತ್ತು ಇಡದೆ ಕೂಡಲೇ ಬಡಿಸಿ. ಹಣ್ಣು ಪೂರ್ತಿ ಮಾಗಿರದಿದ್ದರೆ ಅದರಲ್ಲಿ ಉಳಿದ ಪಪೈನ್ ಎಂಬ ಕಿಣ್ವ ಮೊಸರನ್ನು ಕಹಿಮಾಡುತ್ತದೆ. ಅನಾನಸ್ಸು ಇನ್ನೂ ಚುರುಕು. ಅದನ್ನು ಹಾಕುವುದಾದರೆ ಮೊದಲು ಬೇಯಿಸಿ ಆರಿಸಿಕೊಳ್ಳಬೇಕು.

ಇನ್ನು ಮೇಲೆ ಹರಡುವುದು. ನಗರದವರು ಪರದೇಶದ ಓಟ್ಸ್ ಹಾಕುತ್ತಾರೆ. ನಮ್ಮಲ್ಲಿ ರಾಗಿ ಹುರಿಹಿಟ್ಟು ಇರುವಾಗ ಅದರ ಹಂಗೇಕೆ? ಅರಳು ಮಾಡಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಬಟ್ಟಲಿಗೆ ಒಂದು ದೊಡ್ಡ ಚಮಚ ಉದುರಿಸಿ. ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಎಳ್ಳು ಅಥವಾ ಅಗಸೆ, ಚೂರು ಹಸಿ ಕಾಯಿತುರಿ ಸೇರಿಸಿ. ಇವುಗಳ ಎಣ್ಣೆಯಂಶ ಇದ್ದರೆ ಪರಂಗಿಯ ಕೆರೋಟಿನ್ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಕಡೆಗೆ ಒಂದು ಹಿಡಿ ದಾಳಿಂಬೆ ಕಾಳು, ಸೀಬೆಯ ಹೋಳು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಕಿರಣ್’ ತಳಿಯ ಕೆಂಪು ತಿರುಳಿನ ಸೀಬೆಯಿದ್ದರೆ ಬಟ್ಟಲಿನ ಸೊಗಸೇ ಬೇರೆ. ಮುಂಗಾರು ಆರಂಭದಲ್ಲಿ ನೇರಳೆ ಬಂದಾಗ ಪರಂಗಿಯ ಬದಲು ಬೀಜ ತೆಗೆದ ನೇರಳೆ ಹಾಕಿ ನೋಡಿ. ಮಕ್ಕಳು ಬಣ್ಣಕ್ಕೇ ಮರುಳಾಗುತ್ತಾರೆ.

ಕೆಲವು ಎಚ್ಚರಿಕೆಗಳು

ರಕ್ತಹೀನತೆ ಇರುವವರು ಒಂದು ಸಂಗತಿ ತಿಳಿದಿರಬೇಕು. ಮೊಸರಿನ ಸುಣ್ಣದ ಅಂಶ ಕಬ್ಬಿಣಾಂಶ ಹೀರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಈ ಬಟ್ಟಲನ್ನು ಬೆಳಗಿನ ಅಥವಾ ಸಂಜೆಯ ತಿಂಡಿಯಾಗಿಟ್ಟುಕೊಂಡು, ಸೊಪ್ಪು ಕಾಳಿನ ಊಟದ ಜೊತೆಗೆ ಸೀಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಹಾಗೆಯೇ ತಿನ್ನುವುದು ಲೇಸು. ಊಟದ ಜೊತೆಗೇ ಚಹಾ ಕುಡಿಯುವುದನ್ನೂ ಬಿಡಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗೆ ಹಣ್ಣು ಬದಲಿಯಲ್ಲ.

ಸಕ್ಕರೆ ಕಾಯಿಲೆಯವರು ಬಾಳೆ ಕಡಿಮೆ ಮಾಡಿ ಸೀಬೆ ಹೆಚ್ಚಿಸಿ, ಅರ್ಧ ಬಟ್ಟಲಿಗೆ ನಿಲ್ಲಿಸಬೇಕು. ಹಣ್ಣನ್ನು ಸೋಸಿ ರಸ ಮಾಡಬೇಡಿ, ನಾರಿನ ಅಂಶವೆಲ್ಲ ಚರಟದಲ್ಲೇ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು, ಪುಡಿ ಮಾಡಿಯೇ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇಡವೇ ಬೇಡ.

ತೋಟದಲ್ಲಿ ಪರಂಗಿ ಬೆಳೆಯದವರು ಬಚ್ಚಲ ನೀರು ಹರಿದುಹೋಗುವ ಕಡೆ ಎರಡು ಸಸಿ ಹಾಕಿಕೊಳ್ಳಬಹುದು. ‘ಕೂರ್ಗ್ ಹನಿಡ್ಯೂ’ ಅಥವಾ ‘ಸೂರ್ಯ’ ತಳಿಯಾದರೆ ಗಂಡು ಗಿಡದ ತಾಪತ್ರಯವಿಲ್ಲ. ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆಯುವುದರಿಂದ ಮಣ್ಣನ್ನು ದಿಬ್ಬ ಮಾಡಿ ಅದರ ಮೇಲೆ ನೆಡಿ. ಒಂಬತ್ತು ಹತ್ತು ತಿಂಗಳಲ್ಲಿ ಮೊದಲ ಹಣ್ಣು ಬಣ್ಣ ತಿರುಗುತ್ತದೆ.