ಹಸು ಹಲ್ಲು ತಿಂದಿತು, ಕಂಪ್ಯೂಟರ್ ಸುಮ್ಮನಿತ್ತು!

ಮಕ್ಕಳೇ, ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ. ‘ಹಸು ಹಲ್ಲು ತಿಂದಿತು. ತಾತ ಹುಲ್ಲು ಉಜ್ಜಿಕೊಂಡರು.’ ನಗು ಬಂತಲ್ಲವೇ? ಇದನ್ನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಕಾಗುಣಿತ ನೋಡುವ ತಂತ್ರಾಂಶಕ್ಕೆ ಒಪ್ಪಿಸಿ. ಒಂದೊಂದೇ ಪದ ನೋಡುವ ತಂತ್ರಾಂಶವಾದರೆ ಅದು ನಗುವುದೂ ಇಲ್ಲ, ಕೆಂಪು ಗೆರೆ ಎಳೆಯುವುದೂ ಇಲ್ಲ. ಹಸು ಸರಿ, ಹಲ್ಲು ಸರಿ, ಹುಲ್ಲೂ ಸರಿ. ಪದಗಳೆಲ್ಲ ಸರಿ, ಅರ್ಥ ಮಾತ್ರ ಅದಲುಬದಲು!

ನಾನು 30 ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು. ಈಗ ನಿವೃತ್ತ. ಆದರೂ ನಮ್ಮ ಬೀದಿಯ ಮಕ್ಕಳು ಪ್ರಬಂಧ ಹಿಡಿದು ಬರುತ್ತಾರೆ, ದೊಡ್ಡವರು ಸಂಘದ ವರದಿ, ಮದುವೆಯ ಕರೆಯೋಲೆ ತರುತ್ತಾರೆ. ಎಲ್ಲರೂ ಮೊದಲು ತಂತ್ರಾಂಶಕ್ಕೆ ತೋರಿಸಿಯೇ ಬಂದಿರುತ್ತಾರೆ. ‘ಕೆಂಪು ಗೆರೆ ಒಂದೂ ಇಲ್ಲ ತಾತ, ಎಲ್ಲ ಸರಿಯಾಗಿದೆ’ ಎಂದು ಎದೆ ಉಬ್ಬಿಸುವವರು ಕೆಲವರು. ‘ಪುಟದ ತುಂಬ ಕೆಂಪು ಗೆರೆ, ನನಗೆ ಕನ್ನಡವೇ ಬರುವುದಿಲ್ಲವೇನೋ’ ಎಂದು ಮುಖ ಸಣ್ಣದು ಮಾಡುವವರು ಇನ್ನು ಕೆಲವರು.

ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಕೆಂಪು ಗೆರೆ ಬಂದರೆ ‘ಇದು ತಪ್ಪು’ ಎಂದಲ್ಲ, ‘ಈ ಪದ ನನಗೆ ಗೊತ್ತಿಲ್ಲ’ ಎಂದು. ಗೆರೆ ಬರದಿದ್ದರೆ ‘ಇದು ಸರಿ’ ಎಂದಲ್ಲ, ‘ಇಂಥ ಪದವೊಂದು ನನಗೆ ಗೊತ್ತು’ ಎಂದು ಅಷ್ಟೇ.

ಪಟ್ಟಿ ನೋಡಿ ಹಾಜರಿ

ಕಾಗುಣಿತ ನೋಡುವ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ? ತರಗತಿಯಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಾರಲ್ಲ, ಹಾಗೆಯೇ. ಅದರ ಹತ್ತಿರ ಪದಗಳ ಒಂದು ದೊಡ್ಡ ಪಟ್ಟಿ ಇರುತ್ತದೆ. ನೀವು ಬರೆದ ಪದ ಪಟ್ಟಿಯಲ್ಲಿದ್ದರೆ ಹಾಜರ್. ಇಲ್ಲದಿದ್ದರೆ ಕೆಳಗೊಂದು ಕೆಂಪು ಗೆರೆ.

ಆಮೇಲೆ ಅದು ‘ನೀವು ಬರೆಯಬೇಕೆಂದಿದ್ದು ಇದೋ, ಅದೋ’ ಎಂದು ನಾಲ್ಕಾರು ಪದಗಳನ್ನು ಮುಂದಿಡುತ್ತದೆ. ಅದಕ್ಕೂ ಒಂದು ಲೆಕ್ಕವಿದೆ. ಐಬಿಎಂ ಸಂಸ್ಥೆಯಲ್ಲಿದ್ದ ಫ್ರೆಡ್ ಡಾಮೆರೌ ಎಂಬವರು 1964ರಲ್ಲಿ ಇಂಗ್ಲಿಷ್ ಪದಗಳಲ್ಲಿ ಆಗುವ ತಪ್ಪುಗಳನ್ನು ವಿಂಗಡಿಸಿ ನೋಡಿದರು. ನೂರರಲ್ಲಿ 80ಕ್ಕೂ ಹೆಚ್ಚು ತಪ್ಪುಗಳು ನಾಲ್ಕೇ ಬಗೆಯವು. ಒಂದು ಅಕ್ಷರ ಬಿಟ್ಟುಹೋಗುವುದು, ಒಂದು ಅಕ್ಷರ ಹೆಚ್ಚಾಗುವುದು, ಒಂದರ ಜಾಗದಲ್ಲಿ ಇನ್ನೊಂದು ಬರುವುದು, ಅಕ್ಕಪಕ್ಕದ ಎರಡು ಅಕ್ಷರ ಹಿಂದುಮುಂದಾಗುವುದು.

ನಮ್ಮ ‘ಹಲಸು’ ಪದವನ್ನೇ ತೆಗೆದುಕೊಳ್ಳಿ. ಒಂದಕ್ಷರ ಹೆಚ್ಚಾದರೆ ‘ಹಲಲಸು’. ಹಿಂದುಮುಂದಾದರೆ ‘ಹಸಲು’. ಇವೆರಡನ್ನೂ ತಂತ್ರಾಂಶ ತಟ್ಟನೆ ಹಿಡಿಯುತ್ತದೆ. ಆದರೆ ನಡುವಿನ ‘ಲ’ ಬಿಟ್ಟುಹೋದರೆ? ‘ಹಸು’ ಆಯಿತು! ‘ಲ’ ಬದಲು ‘ರ’ ಬಂದರೆ ‘ಹರಸು’ ಆಯಿತು! ಇವೂ ಪಟ್ಟಿಯಲ್ಲಿರುವ ಪದಗಳೇ. ‘ಅಜ್ಜಿ ಹಸುವಿನ ಹಪ್ಪಳ ಮಾಡಿದರು’ ಎಂದು ಬರೆದರೂ ತಂತ್ರಾಂಶ ತಲೆಯಾಡಿಸುತ್ತದೆ.

ಒಂದು ಮನೆ, ನೂರು ಬಾಗಿಲು

ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಮನೆಗೆ ‘ಹೌಸ್’, ಹೆಚ್ಚು ಮನೆಗಳಿಗೆ ‘ಹೌಸಸ್’. ಪಟ್ಟಿಗೆ ಇವಿಷ್ಟು ಸೇರಿಸಿದರೆ ಬಹುಮಟ್ಟಿಗೆ ಸಾಕು. ಕನ್ನಡದಲ್ಲಿ? ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ, ಮನೆಗಳಲ್ಲಿ, ಮನೆಯಲ್ಲೇ, ಮನೆಯವರಿಗೂ, ಮನೆಯಲ್ಲಿದ್ದವರಿಂದ, ಮನೆಯಲ್ಲಿರುವವರೆಲ್ಲರೂ... ಬೆರಳು ಮುಗಿದರೂ ಪದ ಮುಗಿಯುವುದಿಲ್ಲ. ವಿಭಕ್ತಿ ಪ್ರತ್ಯಯ, ಸಂಧಿ, ಸಮಾಸ ಎಲ್ಲ ಪದಕ್ಕೇ ಅಂಟಿಕೊಂಡು ಬರುತ್ತವೆ. ಎಲ್ಲವನ್ನೂ ಒಂದೊಂದಾಗಿ ಪಟ್ಟಿಯಲ್ಲಿ ಬರೆದಿಡುವುದು ಆಗದ ಕೆಲಸ.

ಹಾಗಾದರೆ ದಾರಿ? ಬಾಲ ಕತ್ತರಿಸಿ ಬೇರು ಹುಡುಕುವುದು. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್‌ರಾಯ್ ಎಂಬವರು ಕಾಗುಣಿತದ ತಂತ್ರಾಂಶ ಬರೆದಾಗ, ಅವರ ಕಂಪ್ಯೂಟರಿನಲ್ಲಿ ಪದಪಟ್ಟಿ ಇಡಲು ಸಿಗುತ್ತಿದ್ದ ಜಾಗ ಬರೀ 64 ಕಿಲೋಬೈಟ್. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು! ಅವರು ಪದದ ಹಿಂದುಮುಂದಿನ ಅಂಟುಗಳನ್ನು ಕಳಚಿ, ಬೇರನ್ನಷ್ಟೇ ಪಟ್ಟಿಯಲ್ಲಿ ಹುಡುಕುವ ಉಪಾಯ ಮಾಡಿದರು.

ಈ ಉಪಾಯ ಇನ್ನೂ ಹೆಚ್ಚು ಬೇಕಾದದ್ದು ಯುರೋಪಿನ ಹಂಗೇರಿ ದೇಶದವರಿಗೆ. ಅವರ ನುಡಿಯಲ್ಲೂ ನಮ್ಮ ಹಾಗೆ ಪ್ರತ್ಯಯಗಳು ಪದಕ್ಕೇ ಅಂಟುತ್ತವೆ. ‘ಹಾಜ್’ ಎಂದರೆ ಮನೆ, ‘ಹಾಜ್‌ಬನ್’ ಎಂದರೆ ಮನೆಯಲ್ಲಿ. ಹಂಗೇರಿಯ ಲಾಸ್ಲೊ ನೇಮೆತ್ ತಮ್ಮ ನುಡಿಗಾಗಿ ‘ಹನ್‌ಸ್ಪೆಲ್’ ಎಂಬ ತಂತ್ರಾಂಶ ಕಟ್ಟಿದರು. ಮುಂದೆ ಅದನ್ನು ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್‌ಗಳೂ ಬಳಸಿಕೊಂಡವು. ತಮ್ಮ ನುಡಿಯ ತೊಂದರೆಗೆಂದು ಹುಡುಕಿದ ಮದ್ದು ಊರಿಗೆಲ್ಲ ಆಯಿತು. ಕನ್ನಡಕ್ಕೂ ಹೀಗೆ ಬೇರು, ಬಾಲ ಬಿಡಿಸುವ ಕೆಲಸ ಬೇಕು. ನೀವು ವ್ಯಾಕರಣದ ಪಾಠದಲ್ಲಿ ಸಂಧಿ ಬಿಡಿಸುತ್ತೀರಲ್ಲ, ಅದನ್ನೇ ಯಂತ್ರಕ್ಕೆ ಕಲಿಸಬೇಕು.

‘ಬಂದೆ ಅಮ್ಮಾ’ ಎಂದವನು ಬಂದನೇ?

ಕಾಗುಣಿತಕ್ಕಿಂತ ಒಂದು ಮೆಟ್ಟಿಲು ಮೇಲಿನದು ವ್ಯಾಕರಣ ನೋಡುವ ತಂತ್ರಾಂಶ. ಅದು ಪದಕ್ಕೆ ಪದ ಹೊಂದುತ್ತದೆಯೇ ಎಂದು ನೋಡುತ್ತದೆ. ‘ಹುಡುಗಿ ಬಂದನು’ ಎಂದು ಬರೆದರೆ ಲಿಂಗ ತಪ್ಪಿತು, ‘ಮಕ್ಕಳು ಓಡಿದಳು’ ಎಂದರೆ ವಚನ ತಪ್ಪಿತು ಎಂದು ಹೇಳಬೇಕಾದದ್ದು ಅದರ ಕೆಲಸ.

ಕೇಳಲು ಸುಲಭ. ಆದರೆ ‘ಅಜ್ಜಿ ಬಂದರು’ ಎನ್ನುತ್ತೇವಲ್ಲ, ಅಜ್ಜಿ ಒಬ್ಬರೇ ತಾನೇ? ಬರೀ ಲೆಕ್ಕ ಗೊತ್ತಿರುವ ಯಂತ್ರ ಇದನ್ನು ತಪ್ಪೆಂದೀತು. ಅಲ್ಲಿರುವುದು ಲೆಕ್ಕವಲ್ಲ, ಗೌರವ. ಇನ್ನೊಂದು ನೋಡಿ. ಅಮ್ಮ ಊಟಕ್ಕೆ ಕರೆದರೆ, ಟಿ.ವಿ. ಮುಂದೆ ಕೂತ ನೀವು ಏಳದೆಯೇ ‘ಬಂದೆ ಅಮ್ಮಾ’ ಎನ್ನುತ್ತೀರಿ. ಭೂತಕಾಲದ ಕ್ರಿಯಾಪದ, ಆದರೆ ಬರುವುದು ಇನ್ನೂ ಹತ್ತು ನಿಮಿಷಕ್ಕೆ! ಈ ತಮಾಷೆ ಅಮ್ಮನಿಗೆ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು.

ಈಗಿನ ಹೊಸ ತಂತ್ರಾಂಶಗಳು ಅಪಾರ ಬರಹಗಳನ್ನು ಓದಿ, ಯಾವ ಪದದ ಪಕ್ಕ ಯಾವುದು ಬರುತ್ತದೆ ಎಂದು ಕಲಿಯುತ್ತವೆ. ಅಂಥವು ಹಸುವಿನ ಪಕ್ಕ ಹಲ್ಲನ್ನು ಕಂಡು ಅನುಮಾನ ಪಟ್ಟಾವು. ಆದರೆ ಓದಿದಷ್ಟೇ ಕಲಿಕೆ. ಅಂತರಜಾಲದಲ್ಲಿ ಇಂಗ್ಲಿಷ್ ಇರುವಷ್ಟು ಕನ್ನಡ ಇಲ್ಲ. ಹಳ್ಳಿಯ ಮಾತು, ಅಡುಗೆಮನೆಯ ಮಾತು, ಗದ್ದೆಯ ಮಾತು ಅಲ್ಲಿ ಇನ್ನೂ ಕಡಿಮೆ.

ನೆಲುವು ಹೋಗಿ ಗೆಲುವು

ಇದರಿಂದ ಏನು ನಷ್ಟ ಎನ್ನುವಿರಾ? ಕಳೆದ ವರ್ಷ ನನ್ನ ಮೊಮ್ಮಗಳು ಶಾಲೆಯ ವಾರ್ಷಿಕ ಸಂಚಿಕೆಗೆ ತನ್ನ ಮುತ್ತಜ್ಜಿಯ ಬಗ್ಗೆ ಬರೆದಳು. ‘ಬೆಕ್ಕಿಗೆ ಎಟುಕದಂತೆ ಮುತ್ತಜ್ಜಿ ಬೆಣ್ಣೆಯ ಗಡಿಗೆಯನ್ನು ನೆಲುವಿನಲ್ಲಿ ಇಡುತ್ತಿದ್ದರು’ ಎಂಬುದು ಅದರಲ್ಲಿನ ಒಂದು ವಾಕ್ಯ. ‘ನೆಲುವು’ ಪದದ ಕೆಳಗೆ ಕೆಂಪು ಗೆರೆ ಬಂತು. ಬದಲಿಗೆ ತಂತ್ರಾಂಶ ಕೊಟ್ಟ ಪದ ‘ಗೆಲುವು’. ಅವಳು ಅದನ್ನೇ ಒತ್ತಿದಳು. ಬೆಣ್ಣೆಯ ಗಡಿಗೆ ‘ಗೆಲುವಿನಲ್ಲಿ’ ಕೂತಿತು!

ಓದಿ ನಕ್ಕೆವು, ನಿಜ. ಆದರೆ ಆಮೇಲೆ ಅವಳು ಕೇಳಿದ ಮಾತು ನನ್ನನ್ನು ಚುಚ್ಚಿತು. ‘ತಾತ, ಹಾಗಾದರೆ ಮುತ್ತಜ್ಜಿ ಹೇಳುತ್ತಿದ್ದದ್ದು ತಪ್ಪು ಪದವಾ?’

ನಾನು ಅವಳನ್ನು ಕೂರಿಸಿಕೊಂಡು ಹೇಳಿದೆ. ನೆಲುವು ಎಂದರೆ ತೊಲೆಯಿಂದ ಇಳಿಬಿಟ್ಟ ಹಗ್ಗದ ಬಲೆ. ಫ್ರಿಜ್ ಇಲ್ಲದ ಕಾಲದಲ್ಲಿ ಹಾಲು, ಮೊಸರು, ಬೆಣ್ಣೆ ಎಲ್ಲ ಅದರಲ್ಲೇ. ಚಿತ್ರಗಳಲ್ಲಿ ಪುಟ್ಟ ಕೃಷ್ಣ ಗೆಳೆಯನ ಹೆಗಲೇರಿ ಕೈ ಚಾಚುತ್ತಾನಲ್ಲ, ಅದಕ್ಕೇ. ಆ ಪದ ತಪ್ಪಲ್ಲ ಕಂದಾ, ತಂತ್ರಾಂಶ ಅದನ್ನು ಕೇಳಿಲ್ಲ ಅಷ್ಟೇ. ನೀನು ಅಳಿಸಿದರೆ ಅದು ಎಂದಿಗೂ ಕೇಳುವುದಿಲ್ಲ.

ಹೆಸರುಗಳ ಕತೆಯೂ ಇದೇ. ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಾಗ ಕೆಳಗೆ ಕೆಂಪು ಗೆರೆ ಬಂದದ್ದುಂಟೇ? ಬ್ರಿಟನ್ನಿನಲ್ಲಿ 2024ರಲ್ಲಿ ಇದರ ವಿರುದ್ಧ ‘ನಾನು ಅಚ್ಚಿನ ತಪ್ಪಲ್ಲ’ ಎಂಬ ಅರ್ಥದ ಹೆಸರಿನಲ್ಲಿ ಒಂದು ಅಭಿಯಾನವೇ ನಡೆಯಿತು. ನಮ್ಮ ಹೆಸರುಗಳನ್ನೂ ನಿಮ್ಮ ಪದಪಟ್ಟಿಗೆ ಸೇರಿಸಿ ಎಂದು ಅವರು ದೊಡ್ಡ ಕಂಪ್ಯೂಟರ್ ಕಂಪನಿಗಳನ್ನು ಕೇಳಿದರು. ನ್ಯಾಯವಾದ ಮಾತು.

ಯಂತ್ರದ ಕೆಲಸ ಯಂತ್ರಕ್ಕೆ

ಹಾಗೆಂದು ಯಂತ್ರ ಬೇಡವೇ? ಖಂಡಿತ ಬೇಕು. ನಮ್ಮ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಒಂದು ಉದಾಹರಣೆ: ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ನೋಡಲು ಒಂದೇ ತರಹ. ಕೆಲವರು ‘ಬೆಂಗಳೂರು’ ಬರೆಯುವಾಗ ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಒತ್ತಿಬಿಡುತ್ತಾರೆ. ಭೂತಕನ್ನಡಿ ಹಿಡಿದರೂ ನಮಗೆ ತಿಳಿಯುವುದು ಕಷ್ಟ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಸಂಕೇತಗಳು, ತಕ್ಷಣ ಗೆರೆ ಎಳೆಯುತ್ತದೆ. ಅದಕ್ಕೆ ದಣಿವಿಲ್ಲ, ತೂಕಡಿಕೆಯಿಲ್ಲ. ಹಾಗಾಗಿ ಮೊದಲ ಸುತ್ತು ಅದಕ್ಕೇ ಇರಲಿ. ಎರಡನೆಯ ಸುತ್ತು ನಮ್ಮದು. ನನ್ನ ಕಸುಬಿನ ಕೆಲವು ಗುಟ್ಟುಗಳನ್ನು ಕೇಳಿ.

ಒಂದು, ಗೆರೆ ಬಂದ ಕೂಡಲೇ ಬದಲಾಯಿಸಬೇಡಿ. ಮನೆಯ ಹಿರಿಯರನ್ನು ಕೇಳಿ, ನಿಘಂಟು ತೆರೆಯಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿದೆ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿದೆ. ಗ್ರಂಥಾಲಯದಲ್ಲಿ ಕೇಳಿ ನೋಡಿ.

ಎರಡು, ಪದ ಸರಿಯೆಂದು ಖಾತ್ರಿಯಾದರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ. ‘ನಿಘಂಟಿಗೆ ಸೇರಿಸು’ ಎಂಬ ಅರ್ಥದ ಆಯ್ಕೆ ಬಹಳಷ್ಟು ತಂತ್ರಾಂಶಗಳಲ್ಲಿದೆ. ಊರಿನ ಹೆಸರು, ಮನೆಯವರ ಹೆಸರು, ಅಜ್ಜಿಯ ಅಡುಗೆಮನೆಯ ಪದಗಳು ಹೀಗೆ ಒಂದೊಂದಾಗಿ ಸೇರಲಿ. ಖಾತ್ರಿಯಿಲ್ಲದೆ ಮಾತ್ರ ಸೇರಿಸಬೇಡಿ. ತಪ್ಪು ಪದ ಒಳಹೊಕ್ಕರೆ ಆಮೇಲೆ ಅದಕ್ಕೆ ಗೆರೆಯೇ ಬರುವುದಿಲ್ಲ.

ಮೂರು, ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿ ಒತ್ತುವ ಮುನ್ನ ಯೋಚಿಸಿ. ಕತೆಯಲ್ಲಿ ರಾಮನನ್ನು ಶಾಮ ಮಾಡಲು ಹೊರಟರೆ ‘ಆರಾಮ’ ಹೋಗಿ ‘ಆಶಾಮ’ ಆದೀತು, ‘ವಿರಾಮ’ ಹೋಗಿ ‘ವಿಶಾಮ’ ಆದೀತು.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು, ಗಟ್ಟಿಯಾಗಿ ಓದಿ. ಮುದ್ರಣಾಲಯದಲ್ಲಿ ಒಬ್ಬರು ಮೂಲಪ್ರತಿಯನ್ನು ಜೋರಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ತಿದ್ದುತ್ತಿದ್ದರು. ಕಣ್ಣು ಜಾರಿದ್ದನ್ನು ಕಿವಿ ಹಿಡಿಯುತ್ತಿತ್ತು. ಅಜ್ಜ-ಅಜ್ಜಿಯರೇ, ಟೈಪ್ ಮಾಡಲು ಬರದಿದ್ದರೂ ಈ ಕೆಲಸಕ್ಕೆ ನಿಮಗಿಂತ ತಕ್ಕವರಿಲ್ಲ. ಮೊಮ್ಮಕ್ಕಳು ಓದಲಿ, ನೀವು ಕೇಳಿ. ಎಲ್ಲಿ ನಗು ಬರುತ್ತದೋ ಅಲ್ಲಿ ತಪ್ಪಿದೆ!

ಈ ವಾರದ ಆಟ

ಕೆಳಗಿನ ಸಾಲುಗಳಲ್ಲಿ ಐದು ತಪ್ಪುಗಳಿವೆ. ಒಬ್ಬರು ಓದಿ, ಇನ್ನೊಬ್ಬರು ಹಿಡಿಯಿರಿ.

‘ನಾಳೆ ಅಜ್ಜನ ಹುಟ್ಟುಹಬ್ಬ. ಅಮ್ಮ ಹಾಳು ಕಾಯಿಸಿ ಪಾಯಸ ಮಾಡುತ್ತಾಳೆ. ಅಕ್ಕ ಕೈಗೆ ಹೊಸ ಬಲೆ ತೊಡುತ್ತಾಳೆ. ತಮ್ಮ ಧನಗಳಿಗೆ ಹುಲ್ಲು ಹಾಕುತ್ತಾನೆ. ಮರದ ಮೇಲೆ ಅಕ್ಕಿಗಳು ಚಿಲಿಪಿಲಿ ಎನ್ನುತ್ತವೆ. ಚಿಕ್ಕಮ್ಮನ ಮಕ್ಕಳು ಬೆಂಗಳೂರಿನಿಂದ ಬರುತ್ತಾಳೆ.’

(ಉತ್ತರ: ಹಾಲು, ಬಳೆ, ದನಗಳಿಗೆ, ಹಕ್ಕಿಗಳು, ಬರುತ್ತಾರೆ. ಐದೂ ಹಿಡಿದವರಿಗೆ ಅಜ್ಜಿಯ ಕೈಯಿಂದ ಒಂದು ಬಟ್ಟಲು ಪಾಯಸ!)